ಶೃಂಗಾರನಾಯಕನ ಮುಷ್ಟಿವಿದ್ಯೆ

ಕಳೆದ ನವರಾತ್ರಿಯ ರಜೆಯಲ್ಲಿ ನಮ್ಮ ಮಗಳು ತನ್ನ ಒಂಬತ್ತು ವರುಷದ ಕೂಸನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಬಂದ ಎರಡನೆಯ ದಿನ ಸಂಜೆ, ಬೊಂಬೆಗಳ ಮುಂದೆ ದೀಪ ಹಚ್ಚಿ ಎಲ್ಲರೂ ಕುಳಿತಿದ್ದಾಗ, ಒಂದು ವ್ಯಾಜ್ಯವನ್ನು ನನ್ನ ಮುಂದಿಟ್ಟಳು. ಮೊಮ್ಮಗಳು ಮೂರು ವರುಷಗಳಿಂದ ಭರತನಾಟ್ಯವನ್ನು ಕಲಿಯುತ್ತಿದ್ದಾಳೆ, ಗುರುಗಳೂ ಮೆಚ್ಚಿದ್ದಾರೆ. ಈಗ ಇದ್ದಕ್ಕಿದ್ದಂತೆ ಅವಳಿಗೆ ಕರಾಟೆಯನ್ನು ಕಲಿಯಬೇಕೆಂಬ ಹಟವು ಹುಟ್ಟಿದೆ. "ಕೈಗೋ ಕಾಲಿಗೋ ಪೆಟ್ಟು ಮಾಡಿಕೊಂಡರೆ ಇರುವ ನಾಟ್ಯವೂ ಹೋಯಿತು. ನೀವೇ ಒಂದು ಮಾತು ಹೇಳಿ ಅಪ್ಪ, ನಿಮ್ಮ ಮಾತಾದರೆ ಕೇಳುತ್ತಾಳೆ" ಎಂದಳು. ಮೂವತ್ತು ವರುಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಬುದ್ಧಿ ಹೇಳಿ ಪಳಗಿದ ನಾಲಗೆಗೆ ಇಂತಹ ಪ್ರಶ್ನೆಗೆ ಉತ್ತರವು ಸಿದ್ಧವಾಗಿಯೇ ಇರುತ್ತದೆ. ಆದರೂ ಅಂದು ನಾನು ಸುಮ್ಮನಿದ್ದೆನು. ಅದಕ್ಕೆ ಕಾರಣಗಳು ಎರಡು. ಒಂದು, ಹಿಂದಿನ ರಾತ್ರಿ ಮಗಳೇ ತನ್ನ ಯಂತ್ರದಲ್ಲಿ ನಮಗೆ ತೋರಿಸಿದ್ದ ಒಂದು ಚಲಚ್ಚಿತ್ರ. ಇನ್ನೊಂದನ್ನು ಕಡೆಯಲ್ಲಿ ಹೇಳುವೆನು. ಅದನ್ನು ಹೇಳಲು ನನಗೆ ಸ್ವಲ್ಪ ಧೈರ್ಯವು ಬೇಕಾಗಿದೆ.

ಆ ಚಿತ್ರದ ಹೆಸರು 'ದಿ ಗ್ರ್ಯಾಂಡ್‌ಮಾಸ್ಟರ್'. ಹಾಂಗ್‌ಕಾಂಗಿನ ನಿರ್ದೇಶಕನಾದ ವಾಂಗ್ ಕಾರ್-ವಾಯ್ ಎಂಬವನ ಕೃತಿ. 2013ರಲ್ಲಿ ತೆರೆಗೆ ಬಂದುದು. ಅದರ ನಾಯಕನು ಟೋನಿ ಲೆಯುಂಗ್ ಚಿಯು-ವಾಯ್. ನನ್ನ ಮಗಳಿಗೆ ಈ ನಟನೆಂದರೆ ಬಹಳ ಅಭಿಮಾನ. ಹೊಡೆದಾಟದ ನಡುವೆ ಅವಳು, "ಇಂತಹ ಕಣ್ಣುಳ್ಳವನಿಗೆ ಈ ಗುದ್ದಾಟವೇಕೆ ಬೇಕಾಗಿತ್ತು ಅಪ್ಪ?" ಎಂದು ನಿಟ್ಟುಸಿರಿಟ್ಟಳು. ಅವಳು ಕೇಳಿದ ಪ್ರಶ್ನೆಯು ಸಣ್ಣದಲ್ಲ. ಲೋಕವು ಯಾವನನ್ನು ಒಂದು ವಿಧದಲ್ಲಿ ಪ್ರೀತಿಸಿದೆಯೋ, ಅವನು ಇನ್ನೊಂದು ವಿಧವಾಗಿ ನಿಂತಾಗ ಲೋಕಕ್ಕೂ ಸಂಕಟ, ಅವನಿಗೂ ಸಂಕಟ. ಆ ಸಂಕಟದ ಕಥೆಯನ್ನೇ ಈ ತಿಂಗಳು ವಾಚಕರ ಮುಂದೆ ಇಡುತ್ತೇನೆ.

ಈತನು ಹುಟ್ಟಿದುದು 1962ರಲ್ಲಿ, ಹಾಂಗ್‌ಕಾಂಗಿನಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಂದೆಯು ಸಂಸಾರವನ್ನು ಬಿಟ್ಟು ಹೋದನು. ತಾಯಿಯೇ ಮಕ್ಕಳನ್ನು ಸಾಕಿದಳು. ಅಂದಿನಿಂದ ಬಾಲಕನು ಮಾತು ಕಡಮೆಯಾಗಿ ಒಳಮುಖಿಯಾದನೆಂದು ಆತನೇ ಹೇಳಿಕೊಂಡಿದ್ದಾನೆ. ಓದನ್ನು ನಡುವೆಯೇ ನಿಲ್ಲಿಸಿ ದುಡಿಮೆಗೆ ಇಳಿದು, 1982ರಲ್ಲಿ ಅಲ್ಲಿಯ ಒಂದು ದೂರದರ್ಶನ ಸಂಸ್ಥೆಯ ನಟನಶಿಕ್ಷಣದ ತರಗತಿಯನ್ನು ಸೇರಿದನು. ಎರಡು ವರುಷಗಳ ತರುವಾಯ ಜಿನ್ ಯಾಂಗನೆಂಬ ಪ್ರಸಿದ್ಧ ಕಾದಂಬರಿಕಾರನ ಕಥೆಯನ್ನಾಧರಿಸಿದ ಧಾರಾವಾಹಿಯೊಂದರಲ್ಲಿ ನಾಯಕನ ಪಾತ್ರವು ದೊರೆಯಿತು. ವಿನೋದವೇನೆಂದರೆ, ಆ ಕಥೆಯ ತುಂಬ ಖಡ್ಗವೀರರೇ ಇದ್ದರೂ ನಾಯಕನಿಗೆ ಮಾತ್ರ ಯುದ್ಧವಿದ್ಯೆಯು ಬಹುಮಟ್ಟಿಗೆ ಬಾರದು. ಬಾಯಿಯ ಬಲದಿಂದಲೇ ಎಲ್ಲ ಕಡೆಯಲ್ಲಿಯೂ ಪಾರಾಗುವವನು.

ಮುಂದೆ ಆತನ ಕೀರ್ತಿಯು ಬೆಳೆದುದು ಬಾಯಿಯಿಂದಲ್ಲ, ಕಣ್ಣಿನಿಂದ. 1989ರಲ್ಲಿ ತೈವಾನಿನ ಹೌ ಶಿಯಾವೊ-ಶಿಯೆನ್ ಎಂಬ ನಿರ್ದೇಶಕನು 'ಎ ಸಿಟಿ ಆಫ್ ಸ್ಯಾಡ್‌ನೆಸ್' ಎಂಬ ಚಿತ್ರವನ್ನು ತೆಗೆದಾಗ, ಈತನಿಗೆ ತೈವಾನಿನ ಆಡುಮಾತು ಬಾರದಿದ್ದ ಕಾರಣ ಪಾತ್ರವನ್ನೇ ಕಿವುಡ ಮೂಗನನ್ನಾಗಿ ಮಾಡಿಬಿಟ್ಟರು. ಕೊರತೆಯೇ ಗುಣವಾಯಿತು. ವೆನಿಸ್ ನಗರದ ಚಿತ್ರೋತ್ಸವದಲ್ಲಿ ಆ ಚಿತ್ರವು ಸುವರ್ಣಸಿಂಹ ಪ್ರಶಸ್ತಿಯನ್ನು ಪಡೆಯಿತು. ಆಮೇಲೆ ವಾಂಗ್ ಕಾರ್-ವಾಯ್‌ನ ಚಿತ್ರಗಳು ಒಂದರ ಮೇಲೊಂದು ಬಂದುವು. 2000ದಲ್ಲಿ ಬಂದ 'ಇನ್ ದಿ ಮೂಡ್ ಫಾರ್ ಲವ್' ಎಂಬುದರಲ್ಲಿ ಒಂದೇ ಮಹಡಿಯ ಅಕ್ಕಪಕ್ಕದ ಕೋಣೆಗಳಲ್ಲಿ ವಾಸಿಸುವ ಒಬ್ಬ ಗೃಹಸ್ಥನೂ ಒಬ್ಬ ಗೃಹಿಣಿಯೂ, ತಮ್ಮ ತಮ್ಮ ಸಂಗಾತಿಗಳು ತಮ್ಮನ್ನು ವಂಚಿಸುತ್ತಿರುವರೆಂದು ತಿಳಿದು, ಒಬ್ಬರನ್ನೊಬ್ಬರು ಪ್ರೀತಿಸಿಯೂ ಮರ್ಯಾದೆಯನ್ನು ಮೀರದೆ ಬೇರೆಯಾಗುತ್ತಾರೆ. ಇದಕ್ಕಾಗಿ ಕಾನ್ ಚಿತ್ರೋತ್ಸವದವರು ಈತನನ್ನು ಆ ವರುಷದ ಶ್ರೇಷ್ಠ ನಟನೆಂದು ಗೌರವಿಸಿದರು. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ವಿಪ್ರಲಂಭಶೃಂಗಾರ. ಏಷ್ಯದ ಚಲಚ್ಚಿತ್ರಗಳಲ್ಲಿ ಆ ರಸಕ್ಕೆ ಈತನಂತಹ ಪಾತ್ರನು ವಿರಳ.

ಇಂತಹವನು ಖಡ್ಗವನ್ನು ಹಿಡಿದುದೇ ಇಲ್ಲವೆಂದಲ್ಲ. 1994ರ 'ಆ್ಯಶಸ್ ಆಫ್ ಟೈಮ್' ಎಂಬುದರಲ್ಲಿ ದೃಷ್ಟಿಯು ಮಂದವಾಗುತ್ತಿರುವ ಖಡ್ಗಧಾರಿಯಾಗಿಯೂ, 2002ರಲ್ಲಿ ಝಾಂಗ್ ಯಿಮೌನ 'ಹೀರೋ' ಎಂಬುದರಲ್ಲಿ ಲಿಪಿಕಲೆಯನ್ನೂ ಕತ್ತಿಯನ್ನೂ ಏಕಮನಸ್ಸಿನಿಂದ ಉಪಾಸಿಸುವ ವೀರನಾಗಿಯೂ ನಟಿಸಿದನು. ಆದರೆ ಈ ಪಾತ್ರಗಳಲ್ಲಿ ಕತ್ತಿಯು ಪ್ರೇಮದ ಪರಿಕರವಷ್ಟೆ. ಹಾರಾಟವನ್ನು ತಂತಿಗಳು ನೋಡಿಕೊಳ್ಳುತ್ತಿದ್ದುವು. 'ಹೀರೋ'ದಲ್ಲಿಯೇ ಈತನೊಡನೆ ನಟಿಸಿದ ಜೆಟ್ ಲೀ ಎಂಬವನು ಬಾಲ್ಯದಿಂದಲೇ ವುಶು ವಿದ್ಯೆಯಲ್ಲಿ ನುರಿತು ಚೀನದ ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಗೆದ್ದವನು. ಅಂಥವರ ಪಕ್ಕದಲ್ಲಿ ನಿಂತಾಗ ಈತನಿಗೆ ತನ್ನ ಹಸ್ತಪಾದಗಳ ಪರಿಮಿತಿಯು ತಿಳಿಯದೆ ಇದ್ದೀತೆ?

'ದಿ ಗ್ರ್ಯಾಂಡ್‌ಮಾಸ್ಟರ್'ನಲ್ಲಿ ಆಶ್ರಯಿಸಲು ತಂತಿಯೂ ಸಾಲದು, ಪ್ರೇಮವೂ ಸಾಲದು. ಅದರ ನಾಯಕನು ಕಲ್ಪಿತನಲ್ಲ. ಇಪ್ ಮಾನ್ ಎಂಬ ಐತಿಹಾಸಿಕ ಪುರುಷನು. ದಕ್ಷಿಣ ಚೀನದ ಫೋಷಾನ್ ಪಟ್ಟಣದ ಸಂಪನ್ನ ಮನೆತನದಲ್ಲಿ 1893ರಲ್ಲಿ ಹುಟ್ಟಿ, ವಿಂಗ್ ಚುನ್ ಎಂಬ ಮುಷ್ಟಿವಿದ್ಯೆಯನ್ನು ಕಲಿತು, ಯುದ್ಧದ ಕಾಲದಲ್ಲಿ ಸಿರಿಯೆಲ್ಲವನ್ನೂ ಕಳೆದುಕೊಂಡು, ಐವತ್ತೈದನ್ನು ದಾಟಿದ ವಯಸ್ಸಿನಲ್ಲಿ ಹಾಂಗ್‌ಕಾಂಗಿಗೆ ಬಂದು, ಹೊಟ್ಟೆಯ ಪಾಡಿಗಾಗಿ ಆ ವಿದ್ಯೆಯನ್ನು ಕಲಿಸುತ್ತ ಕುಳಿತವನು, 1972ರಲ್ಲಿ ತೀರಿಕೊಂಡನು. ಲೋಕಪ್ರಸಿದ್ಧನಾದ ಬ್ರೂಸ್ ಲೀಯು ಈತನ ಶಿಷ್ಯನು. ಈ ವಿಂಗ್ ಚುನ್ ಎಂಬುದು ಹಾರಿ ನೆಗೆಯುವ ಆಟವಲ್ಲ. ನೆಟ್ಟಗೆ ನಿಂತು, ಮೊಣಕೈಗಳನ್ನು ಮೈಯ ನಡುಗೆರೆಯ ಸಮೀಪದಲ್ಲಿಟ್ಟುಕೊಂಡು, ಎದುರಾಳಿಯ ಬಲವನ್ನು ಹತ್ತಿರದಿಂದಲೇ ತಪ್ಪಿಸಿ ಹೊಡೆಯತಕ್ಕ ಮಿತವ್ಯಯದ ವಿದ್ಯೆ. ಮರದ ತೋಳುಗಳುಳ್ಳ ಒಂದು ಕಂಬದೊಡನೆ ಇದರ ಸಾಧನೆ ನಡೆಯುವುದು. ಇದನ್ನು ಮೊದಲು ಕಂಡುಹಿಡಿದವಳು ಒಬ್ಬ ಸ್ತ್ರೀಯೆಂದು ಆ ಸಂಪ್ರದಾಯದವರ ಐತಿಹ್ಯ. ನಮ್ಮ ವಾಚಕಿಯರು ಇದನ್ನು ಗಮನಿಸಬೇಕು.

ಲೆಯುಂಗನು ಈ ಸಾಧನೆಗೆ ಇಳಿದಾಗ ಅವನಿಗೆ ನಾಲ್ವತ್ತೇಳು ವರುಷ. ಇಪ್ ಮಾನನ ಶಿಷ್ಯರಲ್ಲಿ ಒಬ್ಬರ ಬಳಿ ದಿನದಿನವೂ ಅಭ್ಯಾಸ ಮಾಡಿದನು. ಅಭ್ಯಾಸದ ನಡುವೆ ತೋಳಿನ ಎಲುಬು ಮುರಿಯಿತು. ವಾಸಿಯಾಗಲೆಂದು ಕಾದು, ಚಿತ್ರೀಕರಣಕ್ಕೆ ಹೋದರೆ ಮತ್ತೊಮ್ಮೆ ಮುರಿಯಿತು. ಚಿತ್ರದ ಮೊದಲಲ್ಲಿಯೇ ಬರುವ, ಸುರಿಯುವ ಮಳೆಯಲ್ಲಿ ಒಬ್ಬನೇ ಹಲವರನ್ನು ಎದುರಿಸುವ ದೃಶ್ಯವನ್ನು ಎಷ್ಟೋ ರಾತ್ರಿಗಳ ಕಾಲ ನೀರಿನಲ್ಲಿ ನೆನೆಯುತ್ತಲೇ ತೆಗೆದರು. ಚಿತ್ರೀಕರಣವು ವರುಷಗಟ್ಟಲೆ ಎಳೆಯಿತು. ಅಷ್ಟರಲ್ಲಿ, ನಿಜವಾಗಿಯೂ ಸಮರಕಲೆಯಲ್ಲಿ ಬೆಳೆದ ಡಾನೀ ಯೆನ್ ಎಂಬ ನಟನು ಇದೇ ಇಪ್ ಮಾನನ ಪಾತ್ರವನ್ನು 2008ರಲ್ಲಿಯೂ 2010ರಲ್ಲಿಯೂ ಎರಡು ಚಿತ್ರಗಳಲ್ಲಿ ಅಭಿನಯಿಸಿ ಜನರ ಮನಸ್ಸನ್ನು ಸೂರೆಗೊಂಡಿದ್ದನು. ಮುರಿದ ತೋಳನ್ನು ಕಟ್ಟಿಕೊಂಡು ಕುಳಿತ ಮನುಷ್ಯನಿಗೆ ಇದಕ್ಕಿಂತ ಅಧೈರ್ಯದ ಸಂಗತಿಯು ಬೇರೆ ಯಾವುದು?

ಫಲವೇನಾಯಿತು? ಚಿತ್ರವು ಬರ್ಲಿನ್ ಚಿತ್ರೋತ್ಸವದ ಪ್ರಾರಂಭದ ಚಿತ್ರವಾಯಿತು. ಅಮೆರಿಕದ ಆಸ್ಕರ್ ಪ್ರಶಸ್ತಿಗೆ ಛಾಯಾಗ್ರಹಣ ಮತ್ತು ವಸ್ತ್ರವಿನ್ಯಾಸಗಳೆಂಬ ಎರಡು ವಿಭಾಗಗಳಲ್ಲಿ ಸೂಚಿತವಾಯಿತು. 2014ರಲ್ಲಿ ಹಾಂಗ್‌ಕಾಂಗಿನ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಹನ್ನೆರಡು ಇದಕ್ಕೇ ಬಂದುವು. ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನ. ಶ್ರೇಷ್ಠ ನಟಿಯೆಂಬ ಗೌರವವು ಝಾಂಗ್ ಝೀಯಿಗೆ. ಶ್ರೇಷ್ಠ ನಟನೆಂಬ ಪ್ರಶಸ್ತಿಯೊಂದು ಮಾತ್ರ ಈತನ ಕೈತಪ್ಪಿ, ಇನ್ನೊಂದು ಚಿತ್ರದಲ್ಲಿ ವಯಸ್ಸು ಮೀರಿದ ಹೋರಾಟಗಾರನಾಗಿ ನಟಿಸಿದ ನಿಕ್ ಚೆಯುಂಗನಿಗೆ ಸಂದಿತು! ಎಲುಬು ಮುರಿದುದು ಈತನದು. ಹಾರವು ಬಿದ್ದುದು ಬೇರೆಯವರ ಕೊರಳಿಗೆ. ಚಿತ್ರವನ್ನು ನೋಡಿದರೆ ಅದಕ್ಕೆ ಕಾರಣವೂ ತಿಳಿಯುತ್ತದೆ. ಕಥೆಯ ಎರಡನೆಯ ಅರ್ಧದಲ್ಲಿ ತಂದೆಯ ಸಾವಿಗೆ ಪ್ರತೀಕಾರ ಮಾಡುವ ಹೆಣ್ಣಿನ ಕಡೆಗೆ ನಿರ್ದೇಶಕನ ಮನಸ್ಸು ಪೂರ್ತಿಯಾಗಿ ಹೊರಳಿಬಿಡುತ್ತದೆ. ನಾಯಕನು ಸಾಕ್ಷಿಯಂತೆ ನಿಲ್ಲುತ್ತಾನೆ. ಹೊಡೆದಾಟದಲ್ಲಿಯೂ ಕ್ಯಾಮೆರವು ಒಮ್ಮೆ ಪಾದವನ್ನು, ಒಮ್ಮೆ ತೋಳನ್ನು, ಒಮ್ಮೆ ಟೋಪಿಯಿಂದ ಇಳಿಯುವ ಮಳೆಹನಿಯನ್ನು ತುಂಡುತುಂಡಾಗಿ ತೋರಿಸುತ್ತದೆಯೇ ಹೊರತು, ಮಲ್ಲನ ಪೂರ್ಣಶರೀರದ ಚಲನೆಯನ್ನು ಬಹುಕಾಲ ನಿಂತು ತೋರಿಸುವುದು ಅಪೂರ್ವ. ಆ ವಿದ್ಯೆಯನ್ನೇ ನೋಡಬೇಕೆಂದು ಬಂದವನಿಗೆ ನಿರಾಶೆಯಾದರೆ ತಪ್ಪೆನ್ನಲಾರೆ.

ಹಾಗಾದರೆ ಮಗಳ ನಿಟ್ಟುಸಿರೇ ಸರಿಯೆ? ಇಲ್ಲಿ ನನ್ನ ಹಳೆಯ ಪಾಠಗಳು ನೆನಪಿಗೆ ಬಂದುವು.

ಭರತಮುನಿಯು ತನ್ನ ನಾಟ್ಯಶಾಸ್ತ್ರದಲ್ಲಿ ರಂಗದ ಮೇಲಿನ ಯುದ್ಧಕ್ಕೆ ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕಗಳೆಂಬ ನಾಲ್ಕು ನ್ಯಾಯಗಳನ್ನು ಹೇಳಿದ್ದಾನೆ. ಒಂದರಲ್ಲಿ ಪೆಟ್ಟು ಸೊಂಟಕ್ಕೆ, ಒಂದರಲ್ಲಿ ಪಾದಕ್ಕೆ, ಒಂದರಲ್ಲಿ ಎದೆಗೆ, ಒಂದರಲ್ಲಿ ತಲೆಗೆ. ಆದರೆ ಪೆಟ್ಟು ನಿಜವಾಗಿ ತಾಗತಕ್ಕದ್ದಲ್ಲ, ಅಭಿನಯದಿಂದ ಸೂಚಿತವಾಗತಕ್ಕದ್ದು. ಇಷ್ಟು ಹೇಳಿದವನೇ, ನಟನು ಮೈಗೆ ಎಣ್ಣೆಯನ್ನೋ ಗಂಜಿಯನ್ನೋ ತಿಕ್ಕಿಕೊಂಡು ವ್ಯಾಯಾಮವನ್ನು ಮಾಡಬೇಕೆಂದೂ ವಿಧಿಸುತ್ತಾನೆ. ಏನಿದರ ಅರ್ಥ? ಹೊಡೆತವು ಸುಳ್ಳು, ಸಾಧನೆಯು ಮಾತ್ರ ಸುಳ್ಳಾಗಕೂಡದು. ಸುಳ್ಳು ಹೊಡೆತವನ್ನು ನಿಜವೆನ್ನಿಸುವುದು ನಿಜವಾದ ಸಾಧನೆಯೇ. ಲೆಯುಂಗನ ಮುರಿದ ತೋಳು ಪರದೆಯ ಮೇಲೆ ಕಾಣಿಸುವುದಿಲ್ಲ. ಆದರೆ ಅವನು ಸುಮ್ಮನೆ ನಿಂತಾಗ ಆ ನಿಲುವಿನಲ್ಲಿ ಏನೋ ಒಂದು ಭಾರವು ಕಾಣುತ್ತದೆ. ಅದು ಉಡುಪಿನಿಂದ ಬಂದುದಲ್ಲ.

ಇನ್ನು ರಸದ ಮಾತು. ಶೃಂಗಾರಕ್ಕೂ ಬೀಭತ್ಸಕ್ಕೂ ವಿರೋಧವುಂಟು, ವೀರಕ್ಕೂ ಭಯಾನಕಕ್ಕೂ ವಿರೋಧವುಂಟು. ಶೃಂಗಾರಕ್ಕೂ ವೀರಕ್ಕೂ ವಿರೋಧವಿಲ್ಲವೆಂಬುದು ಆನಂದವರ್ಧನನ ಮತ. ವೀರಕ್ಕೆ ಸ್ಥಾಯಿಯು ಉತ್ಸಾಹ, ರೌದ್ರಕ್ಕೆ ಕ್ರೋಧ. ಇಂದಿನ ಹೊಡೆದಾಟದ ಚಿತ್ರಗಳಲ್ಲಿ ನಾವು ನೋಡುವುದು ಬಹುಮಟ್ಟಿಗೆ ರೌದ್ರವನ್ನು; ಅದನ್ನೇ ವೀರವೆಂದು ಕರೆದು ಮೋಸಹೋಗುತ್ತೇವೆ. ಹಲ್ಲು ಕಡಿಯದೆ, ಕಣ್ಣು ಕೆಂಪಗೆ ಮಾಡದೆ, ಮುಗುಳ್ನಗೆಯೊಂದನ್ನು ಉಳಿಸಿಕೊಂಡು ಹೋರಾಡುವ ಈ ಇಪ್ ಮಾನನಲ್ಲಿ ರೌದ್ರದ ಲೇಶವೂ ಇಲ್ಲ. ಶೃಂಗಾರದಲ್ಲಿ ಕಲಿತ ಸಂಯಮವೇ ಅವನನ್ನು ಇಲ್ಲಿ ಕಾಪಾಡಿದೆ. ನಮ್ಮ ಶಾಸ್ತ್ರಕಾರರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತರೆಂದು ನಾಲ್ಕು ಬಗೆಯಾಗಿ ವಿಂಗಡಿಸಿದರಷ್ಟೆ. ಲಲಿತನಾದರೂ ಉದಾತ್ತನಾದರೂ 'ಧೀರ' ಎಂಬ ಶಬ್ದವು ಎಲ್ಲರ ಹೆಸರಿಗೂ ಮೊದಲು ನಿಂತಿದೆ. ಇಷ್ಟು ವರುಷ ಈ ಪಾಠವನ್ನು ಹೇಳಿಯೂ ಆ ಶಬ್ದದ ಕಡೆಗೆ ನಾನು ಸರಿಯಾಗಿ ನೋಡಿರಲಿಲ್ಲ.

ಮಗಳು ಇನ್ನೊಂದು ಸಂಗತಿಯನ್ನೂ ಹೇಳಿದಳು. ಬಾಲ್ಯದಲ್ಲಿ ಬ್ರೂಸ್ ಲೀಯನ್ನು ಕಂಡು ಮೆಚ್ಚಿ, ತಾನೂ ಕುಂಗ್ ಫೂ ಕಲಿಯಬೇಕೆಂದು ಲೆಯುಂಗನು ಆಸೆಪಟ್ಟಿದ್ದನಂತೆ. ಆ ಕಾಲದ ಹಾಂಗ್‌ಕಾಂಗಿನಲ್ಲಿ ಅದು ಪೋಲೀಸರೂ ಪುಂಡರೂ ಕಲಿಯತಕ್ಕದ್ದೆಂಬ ಭಾವನೆಯಿದ್ದುದರಿಂದ ಆಸೆಯು ಕೈಗೂಡಲಿಲ್ಲವೆಂದು ಸಂದರ್ಶನಗಳಲ್ಲಿ ಅವನೇ ಹೇಳಿದ್ದಾನಂತೆ. ಎಂದರೆ, ಜನರು ಶೃಂಗಾರನಾಯಕನ ಹೊಸ ಹುಚ್ಚೆಂದು ತಿಳಿದುದು ವಾಸ್ತವದಲ್ಲಿ ಒಬ್ಬ ಬಾಲಕನ ಹಳೆಯ ಬಯಕೆ; ನಾಲ್ವತ್ತು ವರುಷ ಬಾಗಿಲಲ್ಲಿ ಕಾದು ನಿಂತಿದ್ದುದು.

ಇದನ್ನು ಕೇಳಿದಾಗ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಇನ್ನು ನನ್ನ ಎರಡನೆಯ ಕಾರಣವನ್ನು ಹೇಳಿಬಿಡುತ್ತೇನೆ.

ನಾನು ಚಿಕ್ಕ ಊರೊಂದರ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಇಂಪಾದ ಕಂಠ, ಸಂಕೋಚದ ಸ್ವಭಾವ. ಶಾಲೆಯ ವಾರ್ಷಿಕೋತ್ಸವದಲ್ಲಿ ಕೃಷ್ಣನ ವೇಷವು ಅವನದೇ. ಒಂದು ದಿನ ಪಾಠ ಮುಗಿದ ಮೇಲೆ ಹಿಂದೆ ಉಳಿದು, "ಸಾರ್, ಗರಡಿಗೆ ಸೇರಬೇಕೆಂದಿದ್ದೇನೆ. ನಮ್ಮ ತಂದೆಗೆ ಇಷ್ಟವಿಲ್ಲ. ನೀವು ಒಂದು ಮಾತು ಹೇಳಿದರೆ ಒಪ್ಪುತ್ತಾರೆ" ಎಂದು ಕೇಳಿದನು. ನಾನು ನಕ್ಕೆನು. ಶಾಕುಂತಲದಿಂದ ಒಂದು ಉಪಮಾನವನ್ನು ಎತ್ತಿ ಹೇಳಿ, ಕೋಮಲವಾದ ವಸ್ತುವಿನಿಂದ ಕಠಿನವಾದ ಕೆಲಸವನ್ನು ಮಾಡಿಸಬಾರದೆಂದು ಉಪದೇಶಿಸಿ ಕಳುಹಿಸಿದೆನು. ಅಷ್ಟಕ್ಕೇ ಬಿಡದೆ, ಸಂತೆಯಲ್ಲಿ ಸಿಕ್ಕಿದ ಅವನ ತಂದೆಗೂ, "ನೀವು ಬೇಡವೆಂದುದೇ ಸರಿ" ಎಂದು ಹೇಳಿದೆನು. ಹುಡುಗನು ಮತ್ತೆ ಆ ಮಾತನ್ನು ಎತ್ತಲಿಲ್ಲ. ಮುಂದಿನ ವರುಷ ಕೃಷ್ಣನ ವೇಷಕ್ಕೂ ಬರಲಿಲ್ಲ. ಕಂಠವು ಒಡೆದಿರಬೇಕೆಂದು ನಾನು ಸುಮ್ಮನಾದೆನು.

ಹಲವು ವರುಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಅವನು ಸಿಕ್ಕಿದನು. ಒಳ್ಳೆಯ ಉದ್ಯೋಗದಲ್ಲಿದ್ದಾನೆ, ಕಾಲು ಮುಟ್ಟಿ ನಮಸ್ಕರಿಸಿದನು. ಅದೂ ಇದೂ ಮಾತಿನಲ್ಲಿ ನಾನೇ ನಗುತ್ತ, "ಪೈಲ್ವಾನನಾಗಬೇಕೆಂದಿದ್ದೆಯಲ್ಲಪ್ಪ!" ಎಂದೆನು. ಅವನು ಕೋಪವಿಲ್ಲದೆ, "ಇಲ್ಲ ಸಾರ್, ಪೈಲ್ವಾನನಾಗಬೇಕೆಂದು ಕೇಳಿರಲಿಲ್ಲ. ಆ ಕೃಷ್ಣನ ವೇಷ ಹಾಕಿದಂದಿನಿಂದ ಹುಡುಗರು ದಾರಿಯಲ್ಲಿ ಅಡ್ಡಗಟ್ಟಿ ಹಿಂಸೆ ಮಾಡುತ್ತಿದ್ದರು. ಹೆದರಿಕೆ ಹೋಗಲೆಂದು ಕೇಳಿದ್ದೆ" ಎಂದನು. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ಎಲೆಯ ಮುಂದೆ ಕುಳಿತೆನಾದರೂ ಏನನ್ನು ಉಂಡೆನೋ ತಿಳಿಯದು. ಅವನು ಏಕೆ ಬೇಕೆಂದು ಕೇಳುತ್ತಿರುವನೆಂಬುದನ್ನು ನಾನು ಒಂದು ಸಲವಾದರೂ ವಿಚಾರಿಸಿರಲಿಲ್ಲ. ಉಪಮಾನವು ಚೆನ್ನಾಗಿತ್ತು, ಉಪಮೇಯವಾದ ಹುಡುಗನನ್ನು ನಾನು ನೋಡಿಯೇ ಇರಲಿಲ್ಲ.

ಆದುದರಿಂದ ಬೊಂಬೆಗಳ ಮುಂದೆ ಮಗಳು ಕೇಳಿದಾಗ ನಾನು ಸುಮ್ಮನಿದ್ದುದು. ಮರುದಿನ ಬೆಳಗ್ಗೆ ಮೊಮ್ಮಗಳನ್ನು ಹೂವು ಬಿಡಿಸುವ ನೆವದಿಂದ ಹಿತ್ತಲಿಗೆ ಕರೆದುಕೊಂಡು ಹೋಗಿ, "ಕರಾಟೆ ಏಕಮ್ಮ ಬೇಕು?" ಎಂದು ಕೇಳಿದೆನು. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿ, "ಬೈಯುವುದಿಲ್ಲವಲ್ಲ ತಾತ?" ಎಂದಳು. ಬೈಯುವುದಿಲ್ಲವೆಂದು ಮಾತು ಕೊಟ್ಟ ಮೇಲೆ, ಶಾಲೆಯ ವಾಹನದಲ್ಲಿ ದೊಡ್ಡ ಹುಡುಗನೊಬ್ಬನು ದಿನವೂ ಜಡೆಯನ್ನು ಎಳೆದು ನಾಟ್ಯದ ಮುದ್ರೆಗಳನ್ನು ಅಣಕಿಸುವನೆಂದು ಹೇಳಿದಳು. ಅಮ್ಮನಿಗೆ ಏಕೆ ಹೇಳಲಿಲ್ಲವೆಂದರೆ, "ಹೇಳಿದರೆ ನಾಟ್ಯವನ್ನೇ ಬಿಡಿಸಿಬಿಟ್ಟರೆ?" ಎಂದಳು.

ಮಗಳಿಗೆ ಎಲ್ಲವನ್ನೂ ತಿಳಿಸಿದೆವು. ವಾಹನದ ವಿಷಯವನ್ನು ಶಾಲೆಯವರ ಕಿವಿಗೆ ಹಾಕುವುದು ಹಿರಿಯರ ಕರ್ತವ್ಯ. ಅದನ್ನು ಮಗುವಿನ ಮುಷ್ಟಿಗೆ ಬಿಡತಕ್ಕದ್ದಲ್ಲ. ಅಳಿಯಂದಿರು ಹೋಗಿ ಮಾತನಾಡಿದರು. ಹುಡುಗನ ಸ್ಥಳವು ಬದಲಾಯಿತು. ಆದರೂ ಕರಾಟೆಯ ಆಸೆಯು ಹೋಗಲಿಲ್ಲ. ನನ್ನ ಗೃಹಿಣಿಯು, "ತೋಳು ಮುರಿದ ಮೇಲೂ ಆ ಮನುಷ್ಯ ಮತ್ತೆ ಹೋದನಲ್ಲ, ಇವಳು ಇನ್ನೂ ಹೋಗಿಯೇ ಇಲ್ಲ. ಹೋಗಿ ಬರಲಿ ಬಿಡಿ" ಎಂದು ತೀರ್ಪು ಕೊಟ್ಟಳು. ಅದಕ್ಕೆ ಮೇಲ್ಮನವಿಯಿಲ್ಲ. ಈಗ ವಾರದಲ್ಲಿ ಎರಡು ದಿನ ನಾಟ್ಯ, ಎರಡು ದಿನ ಕರಾಟೆ.

ಲೆಯುಂಗನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. 2021ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಆತನು ಅಮೆರಿಕದವರ 'ಶಾಂಗ್-ಚೀ' ಎಂಬ ಸಾಹಸಚಿತ್ರದಲ್ಲಿ ಪ್ರತಿನಾಯಕನಾಗಿ ನಟಿಸಿದನು. ಅದರ ಪ್ರಾರಂಭದಲ್ಲಿ ಕಾಡಿನೊಳಗೆ ಒಬ್ಬ ಹೆಣ್ಣಿನೊಡನೆ ಕಾದಾಡುತ್ತ ಕಾದಾಡುತ್ತಲೇ ಅವಳಿಗೆ ಮನಸೋಲುವ ಪ್ರಸಂಗವೊಂದುಂಟು. ಅಲ್ಲಿ ಯಾವ ಹೆಜ್ಜೆ ಯುದ್ಧದ್ದು, ಯಾವ ಹೆಜ್ಜೆ ಪ್ರಣಯದ್ದೆಂದು ಬೇರ್ಪಡಿಸುವುದು ಕಷ್ಟ. 2023ರಲ್ಲಿ ವೆನಿಸ್ ಚಿತ್ರೋತ್ಸವದವರು ಆತನ ಇಡೀ ಜೀವನದ ಸಾಧನೆಗಾಗಿ ಸುವರ್ಣಸಿಂಹವನ್ನಿತ್ತು ಗೌರವಿಸಿದರು.

ಇದಿಷ್ಟನ್ನೂ ಓದಿ, ಮಕ್ಕಳು ಕೇಳಿದುದಕ್ಕೆಲ್ಲ ಹೂಂಗುಟ್ಟಬೇಕೆಂದು ಯಾರೂ ತಿಳಿಯಬಾರದು. ಬೇಡವೆಂದು ಹೇಳತಕ್ಕ ಸಂದರ್ಭಗಳು ಸಂಸಾರದಲ್ಲಿ ಎಷ್ಟೋ ಬರುತ್ತವೆ. ಬೇಡವೆನ್ನುವುದಕ್ಕೆ ಮುಂಚೆ ಏಕೆಂದು ಕೇಳಿ, ಉತ್ತರವು ಬರುವವರೆಗೆ ಕಾಯಬೇಕೆಂಬುದಿಷ್ಟೇ ನನ್ನ ಬಿನ್ನಹ. ಮುಂದಿನ ತಿಂಗಳು ನಮ್ಮ ಊರಿನ ಕಡೆ ಅದೇ ಹಳೆಯ ವಿದ್ಯಾರ್ಥಿಯ ಮನೆಯಲ್ಲಿ ಗೃಹಪ್ರವೇಶವಂತೆ, ಕರೆಯೋಲೆ ಬಂದಿದೆ. ಹೋಗಿ, ಅಂದು ಮದುವೆಯ ಮನೆಯಲ್ಲಿ ಬಾಯಿಗೆ ಬಾರದ ಮಾತನ್ನು ಆಡಿ ಬರಬೇಕೆಂದಿದ್ದೇನೆ.